ಮೂರೇ ಅಕ್ಷರ ದಾಟಿದ ತಂತಿ

ಸುಮಾರು 1908ರಲ್ಲಿ ನಾನು ಬೀರೂರು ಜಂಕ್ಷನ್ನಿನಲ್ಲಿ ಸಿಗ್ನಲರ್ ಆಗಿದ್ದೆ. ಸಿಗ್ನಲರ್ ಎಂದರೆ ಕೈಮರ ಎತ್ತುವವನಲ್ಲ, ತಂತಿ ಕಳಿಸುವವನು. ಒಂದು ಕಡೆ ಕಡೂರು, ಇನ್ನೊಂದು ಕಡೆ ಅಜ್ಜಂಪುರ, ಕವಲು ದಾರಿಯಲ್ಲಿ ತರೀಕೆರೆ. ಎಲ್ಲ ಕಡೆಯ ಟಕ್ಕು ಟಕ್ಕು ನನ್ನ ಮೇಜಿಗೇ ಬಂದು ಬೀಳುತ್ತಿತ್ತು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನನ್ನ ಇಂಗ್ಲಿಷೂ ರೈಲಿಗೆ ಬೇಕಾದಷ್ಟೇ.

ಆ ವರ್ಷ ಮಳೆಗೆ ಹುಚ್ಚು ಹಿಡಿದಿತ್ತು. ಹಳಿಯ ಮೇಲೆ ನೀರು ನಿಂತು ಅಜ್ಜಂಪುರದ ಕಡೆ ಗಾಡಿಗಳೂ ನಿಂತಿದ್ದವು. ಅಂಥ ಒಂದು ಮಧ್ಯಾಹ್ನ ಕೆರೆಗಳ ಉಸ್ತುವಾರಿಯ ಓವರ್ಸಿಯರ್ ಸಿದ್ದಲಿಂಗಪ್ಪನವರು ಕುದುರೆ ಇಳಿದು, ಮೈಯೆಲ್ಲ ಕೆಸರಾಗಿ, ನೇರ ತಂತಿ ಕೋಣೆಗೇ ನುಗ್ಗಿದರು.

“ದೊಡ್ಡಕೆರೆ ಏರಿ ಜಿನುಗ್ತಾ ಐತೆ ಕಣ್ರೀ. ತೂಬಿನ ಪಕ್ಕ ಮಣ್ಣು ಕುಸೀತು. ಸಂಜೆ ದಾಟಲ್ಲ. ಹಳ್ಳ ತುಂಬಿ ನಂಗೆ ಆ ಕಡೆ ಹೋಗಕ್ಕಾಗ್ಲಿಲ್ಲ. ಅಜ್ಜಂಪುರಕ್ಕೆ ತಂತಿ ಕೊಡಿ, ಹೊಸಳ್ಳಿ ಖಾಲಿ ಮಾಡ್ಸಿ ಅಂತ.”

ಹೊಸಹಳ್ಳಿ ಎಂದೊಡನೆ ತಂತಿಯ ಕೀಲಿಗೆ ಕೈಹಾಕಿದೆ. ನನ್ನ ತಂಗಿ ಗೌರಿಯನ್ನು ಕೊಟ್ಟಿದ್ದುದು ಆ ಊರಿಗೇ. ಏರಿಯ ಕೆಳಗೇ ಇರುವ ಕೇರಿಯಲ್ಲಿ ಅವಳ ಮನೆ. ಹಸಿ ಬಾಣಂತಿ ಬೇರೆ.

ಸುದ್ದಿ ಕುಟ್ಟಿದೆ. ನಮ್ಮಲ್ಲಿ ಒಂದು ಕಟ್ಟಳೆ ಇತ್ತು: ಕಳಿಸಿದ್ದನ್ನು ಆ ಕಡೆಯವನು ತಿರುಗಿ ಹೇಳಬೇಕು, ಆಗಲೇ ತಂತಿ ಮುಟ್ಟಿದ ಲೆಕ್ಕ. ಅಜ್ಜಂಪುರದ ಸ್ಟೇಷನ್ ಮಾಸ್ತರ್ ರಾಮಯ್ಯನವರು ತಿರುಗಿ ಹೇಳಿದ್ದು ಮಾತ್ರ ತಲೆಬುಡವಿಲ್ಲದ ಗೊಣಗಾಟ. ಮತ್ತೆ ಕುಟ್ಟಿದೆ. ಮತ್ತೆ ಅದೇ.

ಏನಾಗಿತ್ತೆಂದು ಹೇಳಬೇಕು. ತಂತಿಯ ಪ್ರತಿ ಅಕ್ಷರವೂ ಚುಕ್ಕೆ ಮತ್ತು ಗೆರೆಗಳಿಂದ ಆದದ್ದು. ಚುಕ್ಕೆ ಎಂದರೆ ಗಕ್ಕನೆ ಒತ್ತಿ ಬಿಡುವುದು, ಗೆರೆ ಎಂದರೆ ತುಸು ಹಿಡಿದು ಬಿಡುವುದು. ಕಂಬಗಳು ತೊಯ್ದು ತೊಪ್ಪೆಯಾದಾಗ ವಿದ್ಯುತ್ತು ದಾರಿಯಲ್ಲೇ ನೆಲಕ್ಕೆ ಸೋರುತ್ತದೆ. ಗಟ್ಟಿ ಗೆರೆಗಳು ಹೇಗೋ ದಾಟುತ್ತವೆ, ಚುಕ್ಕೆಗಳು ಸಾಯುತ್ತವೆ. ಚುಕ್ಕೆಯನ್ನೇ ಉದ್ದ ಒತ್ತೋಣವೆಂದರೆ ಅದು ಗೆರೆಯಾಗಿ ಅಕ್ಷರವೇ ಬದಲಾಗುತ್ತದೆ. ಬರಿಯ ಗೆರೆಗಳಿಂದಾದ ಅಕ್ಷರ ಇಂಗ್ಲಿಷಿನಲ್ಲಿ ಮೂರೇ ಮೂರು: ಟಿ, ಎಂ, ಓ. ಆ ಮೂರರಲ್ಲೇ ಒಂದು ಊರನ್ನು ಉಳಿಸುವ ಮಾತು ಹುಡುಕಬೇಕಿತ್ತು.

ನನಗೆ ಹೊಳೆದದ್ದು ‘ಟು’, ‘ಟೂ’. ಇವೆರಡರಿಂದ ಯಾರನ್ನು ಎಬ್ಬಿಸಲಿ? ಸಿದ್ದಲಿಂಗಪ್ಪನವರು ನನಗಿಂತ ಓದಿದವರು. ಯೋಚಿಸಿ ‘ಮೂ’ ಎಂದರು. ಹಸು ಕೂಗುವುದಕ್ಕೆ ಹಾಗೆನ್ನುತ್ತಾರಂತೆ.

“ಹಸು ಕಟ್ಕೊಂಡು ಏನ್ ಮಾಡ್ಲಿ ಸ್ವಾಮಿ? ನನ್ ತಂಗಿ ಅವ್ಳೆ ಅಲ್ಲಿ!” ಎಂದು ರೇಗಿಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ‘ಮಾಟೊ’ ಎಂಬ ಇನ್ನೊಂದು ಪದ ಹೇಳಿ, ಧ್ಯೇಯವಾಕ್ಯ ಎಂದು ಅರ್ಥವನ್ನೂ ಹೇಳಿ, ತಾವೇ ತಲೆ ತಗ್ಗಿಸಿದರು. ಇಡೀ ಇಂಗ್ಲಿಷ್ ಭಾಷೆಯ ಮೇಲೆ ನನಗೆ ಹುಟ್ಟಿದ ಕೋಪ ಅಷ್ಟಿಷ್ಟಲ್ಲ. ಬೇಕಾದ್ದಕ್ಕೂ ಬೇಡದ್ದಕ್ಕೂ ಪದವಿದೆ, ನನ್ನ ತಂಗಿಗೆ ಒಂದಿಲ್ಲ. ಗೌರಿಯ ಹಸುಗೂಸಿನ ಮುಖ ಕಣ್ಣಿಗೆ ಕಟ್ಟಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಆಗ ಸಿದ್ದಲಿಂಗಪ್ಪನವರು ಮೇಜು ಗುದ್ದಿದರು. “ಏಳ್ರೀ! ನಮ್ ಕಚೇರಿ ಕಾಗದದಲ್ಲಿ ಡಂಗುರಕ್ಕೆ ಏನಂತ ಬರೀತಾರೆ? ಟಾಮ್ ಟಾಮ್!”

ಟಿ, ಓ, ಎಂ. ಅಮಲ್ದಾರರ ಹುಕುಮಿನಲ್ಲಿ ತಿಂಗಳಿಗೊಮ್ಮೆಯಾದರೂ ಬರುತ್ತಿದ್ದ ಮಾತು. ಕಂದಾಯಕ್ಕೆ, ಪ್ಲೇಗಿಗೆ, ಎಲ್ಲಕ್ಕೂ ತಮಟೆ ಹೊಡೆದು ಸಾರುವುದೇ ರೂಢಿ. ಇಂಥ ಮಳೆಯಲ್ಲಿ ತಮಟೆ ಹೊಡೆಸು ಎಂದರೆ ಕೆರೆಯದೇ ಅಪಾಯವೆಂದು ಮಗುವಿಗೂ ತಿಳಿಯುತ್ತದೆ.

ಕುಟ್ಟಿದೆ. ರಾಮಯ್ಯನವರು ಅದನ್ನೇ ತಿರುಗಿ ಹೇಳಿದರು, ಒಂದು ಗೆರೆಯೂ ತಪ್ಪದೆ. ಹಿಂದೆಯೇ ಇನ್ನೊಂದು ಪದ ಬಂತು: ‘ಟು’. ಮತ್ತೆ ‘ಟು’. ಯಾವ ಊರಿಗೆ ಎಂದು ಕೇಳುತ್ತಿದ್ದರು. ಅವರೂ ನಮ್ಮ ಮೂರು ಅಕ್ಷರದ ಗುಟ್ಟು ಹಿಡಿದಿದ್ದರು.

ಹೊಸಹಳ್ಳಿಯ ಹೆಸರಿನಲ್ಲಿ ದಾಟಬಲ್ಲ ಅಕ್ಷರ ಓ ಒಂದೇ. ಹೇಗೆ ಹೇಳಲಿ? ಹೇಳಲಾಗಲಿಲ್ಲ. ‘ಟಾಮ್ ಟಾಮ್’ ಎಂದು ನಿಲ್ಲಿಸದೆ ಕುಟ್ಟುತ್ತಲೇ ಹೋದೆ. ಎಲ್ಲ ಊರಿಗೂ ಸಾರಲಿ ಎಂಬುದಷ್ಟೇ ನನ್ನಿಂದ ಸಾಧ್ಯವಿದ್ದ ಅರ್ಥ. ಕೊನೆಗೆ ಆ ಕಡೆ ಸದ್ದಡಗಿತು. ರಾಮಯ್ಯನವರು ಎದ್ದುಹೋಗಿದ್ದಾರೆಂದು ತಿಳಿದುಕೊಂಡೆ.

ಎರಡು ದಿನ ಬಿಟ್ಟು ದಾರಿ ತೆರವಾದಾಗ ಟ್ರಾಲಿಯಲ್ಲಿ ಹೋದೆ. ಹೊಸಹಳ್ಳಿಯಿದ್ದಲ್ಲಿ ಕೆಸರು. ಊರಿನವರು ದಿಣ್ಣೆಯ ಮೇಲಿದ್ದರು. ಅವರ ನಡುವೆ ಕಂಬಳಿ ಹೊದ್ದು, ಕೂಸನ್ನು ಮಡಿಲಲ್ಲಿಟ್ಟುಕೊಂಡು, ಗೌರಿ ಕೂತಿದ್ದಳು. ನನಗೆ ಹೋದ ಜೀವ ಬಂತು. ಅವಳು ಮಾತ್ರ ನನ್ನನ್ನು ಕಂಡು ನಗಲಿಲ್ಲ.

“ತಮಟೆ ಕೇಳಿ ಎಲ್ರೂ ದಿಣ್ಣೆ ಹತ್ತಿದ್ವಿ ಕಣಣ್ಣ. ಅಜ್ಜಂಪುರದ ತೋಟಿ ಕರಿಯಪ್ಪ ಬಂದಿದ್ದ, ಹೊಡ್ಕೊಂಡು. ಕಿವುಡಜ್ಜಿ ಒಬ್ಳು ಒಳಗೇ ಉಳ್ದವ್ಳೆ ಅಂತ ವಾಪಸ್ ಹೋದ. ಅಜ್ಜೀನ ಈಚೆಗೆ ಕಳ್ಸಿ, ಇನ್ಯಾರಾದ್ರೂ ಅವ್ರೇನೋ ಅಂತ ಕೇರಿ ಒಳಗೆ ಹೊಡೀತಾನೇ ಇದ್ದ. ಆಗ್ಲೇ ಏರಿ ಒಡೀತು. ಸದ್ದು ನಿಂತ್ಹೋಯ್ತು.”

ಹಳ್ಳಿಗಳಿಗೆ ಸಾರುವುದು ಕರಿಯಪ್ಪನ ವಂಶದ ಕೆಲಸ. ಯಾವ ಊರೆಂದು ಗೊತ್ತಿಲ್ಲದೆ ಅವನು ಹತ್ತಿರದ ಊರಿನಿಂದ ಶುರುಮಾಡಿ, ಅಪಾಯವೇ ಇಲ್ಲದ ಹಳ್ಳಿಗಳಿಗೆಲ್ಲ ಸಾರಿಕೊಂಡು, ಹೊಸಹಳ್ಳಿಗೆ ಕಟ್ಟಕಡೆಗೆ ಬಂದಿದ್ದ. ಊರಿನ ಹೆಸರು ದಾಟಿದ್ದರೆ ಮೊದಲು ಅಲ್ಲಿಗೇ ಬರುತ್ತಿದ್ದ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಸಿದ್ದಲಿಂಗಪ್ಪನವರು ಹೇಳಿದರು. ಅದು ನನಗೂ ಗೊತ್ತು. ಗೊತ್ತಿದ್ದರೆ ಸಂಕಟ ಕಡಿಮೆಯಾಗುತ್ತದೆಯೇ?

ಮುಂದೆ ನನ್ನ ಕೈಕೆಳಗೆ ಕಲಿತವರಿಗೆಲ್ಲ ಒಂದು ಮಾತು ಹೇಳುತ್ತಿದ್ದೆ: ಆ ಕಡೆಯವನು ತಿರುಗಿ ಹೇಳಿದೊಡನೆ ತಂತಿ ಮುಟ್ಟಿತೆಂದು ಎದ್ದುಬಿಡಬೇಡಿ. ಅಲ್ಲಿಂದಾಚೆ ಅದನ್ನು ಹೊತ್ತು ಒಬ್ಬ ಮನುಷ್ಯ ನಡೆಯಬೇಕು, ಅವನು ತಿರುಗಿ ಬರಲೂ ಬೇಕು.

ಈಗ ಪಿಂಚಣಿ ಪಡೆದು ಬೀರೂರಿನಲ್ಲೇ ಇದ್ದೇನೆ. ಬೀದಿಯಲ್ಲಿ ಡಂಗುರ ಕೇಳಿದರೆ ಜಗಲಿಗೆ ಬಂದು ಕೂರುತ್ತೇನೆ. ಸದ್ದು ನಿಂತ ಮೇಲೂ, ತಮಟೆಯವನು ಮನೆ ಸೇರಿದನೇ ಎಂದು ಯಾರನ್ನಾದರೂ ಕೇಳದೆ ಒಳಗೆ ಹೋಗುವುದಿಲ್ಲ.