ಕಾಯಿಲೆಯಿಲ್ಲದೆ ನೌಕರಿ ಬಿಟ್ಟದ್ದಕ್ಕೆ

ಗೆಳೆಯರೇ, ಇವತ್ತು ಬೆಳಿಗ್ಗೆ ಕುಮಟಾದ ಮೀನು ಪೇಟೆಯಲ್ಲಿ ನನ್ನ ಮುಖ ನೋಡಿದ್ದೇ ತಡ, ಮೀನು ಮಾರುವ ಮಾದೇವಿ ಅತ್ತುಬಿಟ್ಟಳು. ಅವಳ ಇಬ್ಬರು ಹೆಣ್ಣುಮಕ್ಕಳೂ ನನ್ನ ಕೈಯಲ್ಲಿ ಕಲಿತವರು. ನನಗೆ ಗಾಬರಿಯಾಯಿತು.

“ಎಂತ ಆತು ಮಾದೇವಿ?”

“ನನಗೆಂತ ಆಗ್ತದೆ ಅಕ್ಕೋರೇ. ನಿಮಗೇ ಕ್ಯಾನ್ಸರ್ ಅಂತೆ. ನೀವು ಹುಷಾರಾದ್ರೆ ಸೀರೆ ಕೊಡ್ತೆ ಅಂತ ದೇವಿಗೆ ಹೇಳ್ಕೊಂಡಿದ್ದೆ.”

ನನ್ನ ಕಾಯಿಲೆಯ ಸುದ್ದಿ ನನಗೇ ಗೊತ್ತಿರಲಿಲ್ಲ.

“ಯಾರು ಹೇಳಿದ್ದು?”

“ಎಲ್ಲರೂ ಹೇಳ್ತಾರಲ್ಲ. ಐವತ್ತೊಂದಕ್ಕೇ ನೌಕ್ರಿ ಬಿಟ್ರಿ. ಅಷ್ಟುದ್ದ ಜಡೆ ಹೋಯ್ತು. ಮೈಯೂ ಇಳೀತು.”

ನಾನು ಅವಳ ಪಕ್ಕದಲ್ಲೇ ಕುಳಿತು ಹೇಳಿದೆ. ಯಾವ ಕಾಯಿಲೆಯೂ ಇಲ್ಲ, ಶಾಲೆ ಸಾಕೆನಿಸಿ ಸ್ವಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡೆ. ಹೊನ್ನಾವರದ ಹತ್ತಿರ ನಾದಿನಿಯ ಊರಿನ ಕೆರೆಯಲ್ಲಿ ಈಜು ಕಲಿಯುತ್ತಿದ್ದೇನೆ. ಒದ್ದೆ ಜಡೆ ಸಂಜೆಯಾದರೂ ಒಣಗದು ಎಂದು ಕತ್ತರಿಸಿದೆ. ನಿನ್ನೆ ಮೊದಲ ಸಲ ಈ ದಡದಿಂದ ಆ ದಡ ಮುಟ್ಟಿದೆ.

ಮಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಮಾಧಾನವಾಯಿತೆಂದುಕೊಂಡೆ. ಆದರೆ ಅವಳ ಮುಖ ಇನ್ನಷ್ಟು ಬಾಡಿತು.

“ಎಂತ ಕಾಯಿಲೆನೂ ಇಲ್ದೆ, ಬರೋ ಪಗಾರ ಬಿಟ್ರಾ?”

“ಹೌದು.”

“ಈಜೂಕೆ?”

“ಹೌದು ಮಾರಾಯ್ತಿ.”

ಅವಳು ಸುಮಾರು ಹೊತ್ತು ನನ್ನ ತಲೆಯನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿ, “ದೇವಿಗೆ ಆ ಸೀರೆ ಈಗ್ಲೇ ಕೊಟ್ಟೇ ಬಿಡ್ತೆ ಅಕ್ಕೋರೇ” ಅಂದಳು.

ಕ್ಯಾನ್ಸರಾದರೆ ವಾಸಿಯಾದ ಮೇಲೆ ಕೊಡುವ ಸೀರೆ. ಈ ತಲೆಯ ಕಾಯಿಲೆಗೆ ಮುಂಗಡವೇ ಬೇಕೆಂದು ಅವಳಿಗೆ ಅನಿಸಿರಬೇಕು.