ಬಿಸಿಲಿಗಿಟ್ಟ ಕಂದು ನೀರು

ಈ ಬೆಳಿಗ್ಗೆ ಕಗ್ಗದಾಸಪುರದ ನಮ್ಮ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕಿದೆ. ಕುಂಡದ ಕೆಳಗಿನ ತಟ್ಟೆಗೆ ಟೀ ಡಿಕಾಕ್ಷನ್ ಬಣ್ಣದ ನೀರು ಇಳಿಯಿತು, ಜೊತೆಗೆ ಕೊಳೆತ ಎಲೆಯ ವಾಸನೆ. ಚೆಲ್ಲಲು ಬಗ್ಗಿದವಳು ಹಾಗೇ ನಿಂತೆ... ಪಕ್ಕದ ಮೇಜಿನವಳು ನೆನಪಾದಳು.

ಹಲಸೂರಿನ ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷ, ಲ್ಯಾಬಿನಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮೇಜು. ಅವಳು ಶಿವಾಜಿನಗರದವಳು, ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ. ಇಬ್ಬರಿಗೂ ಒಂದೇ ಕೆಲಸ: ಕೆರೆಯ ನೀರಿಗೆ ಕೀಟನಾಶಕ ಬೆರೆಸಿ ಬಿಸಿಲಿಗಿಟ್ಟು, ಸಂಜೆ ಎಷ್ಟು ಉಳಿದಿದೆಯೆಂದು ನೋಡುವುದು. ಯಾರ ಕೆಲಸ ಚೆನ್ನಾಗಿರುತ್ತದೋ ಅವರೊಬ್ಬರನ್ನೇ ನಮ್ಮ ಗೈಡ್ ಆಗಿದ್ದ ಸರ್ ಪಿಎಚ್.ಡಿ.ಗೆ ತೆಗೆದುಕೊಳ್ಳುವವರಿದ್ದರು. ಆ ಜಾಗ ನನ್ನದೇ ಎಂದುಕೊಂಡಿದ್ದೆ.

ಕೀಟನಾಶಕ ಬೆರೆಸುವ ಮೊದಲು ನಾನು ಮಡಿ ಹೆಂಗಸಿನ ಹಾಗೆ ನೀರನ್ನು ಇದ್ದಿಲಪುಡಿಯಲ್ಲಿ ಸೋಸಿ ಸೋಸಿ ತಿಳಿ ಮಾಡಿದೆ. ಅವಳು ಕಸಕಡ್ಡಿ ತೆಗೆದು, ಕಂದು ಬಣ್ಣವನ್ನು ಹಾಗೇ ಬಿಟ್ಟಳು. ಸಂಜೆ ನನ್ನ ಬಾಟಲಿಯಲ್ಲಿ ವಿಷ ಹೆಚ್ಚುಕಡಿಮೆ ಹಾಕಿದಷ್ಟೇ ಇತ್ತು. ಅವಳದರಲ್ಲಿ ಅರ್ಧವೂ ಇರಲಿಲ್ಲ.

"ತೊಳೆದು ತೊಳೆದು ಕೆಲಸ ಮಾಡೋರನ್ನೇ ಓಡಿಸ್ಬಿಟ್ಟಿದೀಯಲ್ಲೇ," ಎಂದು ನಕ್ಕಳು. "ಮಣ್ಣಿಂದ, ಕೊಳೆತ ಎಲೆಯಿಂದ ಬಂದ ಬಣ್ಣ ಅದು. ಬಿಸಿಲು ಹೀರ್ಕೊಂಡು ವಿಷ ಮುರಿಯೋದು ಅದೇ ಕಣೇ."

ಸರ್ ಅವಳ ಮೇಜಿನ ಬಳಿಯೇ ಬಹಳ ಹೊತ್ತು ನಿಂತರು. ಅವಳ ಬುದ್ಧಿಗೆ, ಆ ನಗುವಿಗೆ, ಕಡೆಗೆ ದಿನವೂ ನನಗೆ ಅರ್ಧ ಮುರಿದುಕೊಡುತ್ತಿದ್ದ ಸಮೋಸಕ್ಕೂ ಹೊಟ್ಟೆಕಿಚ್ಚುಪಟ್ಟೆ.

ಮರುದಿನ ಅವಳು ಟೆರೇಸಿನಲ್ಲಿ ಬಾಟಲಿಗಳನ್ನಿಟ್ಟು ಕೆಳಗಿಳಿದ ಮೇಲೆ ಹೋಗಿ, ಅವನ್ನು ನೀರಿನ ಟ್ಯಾಂಕಿನ ಅಡಿಗೆ, ನೆರಳಿಗೆ ಸರಿಸಿದೆ. ಸಂಜೆ ಅವಳ ಬಾಟಲಿಗಳಲ್ಲಿ ವಿಷ ಮುರಿದಿರಲಿಲ್ಲ. ಸರ್ ಹುಬ್ಬು ಗಂಟಿಕ್ಕಿದರು. ಬಾಟಲಿಗಳನ್ನು ತರಲು ಹೋಗಿದ್ದವಳು ಅವಳೇ. ಎಲ್ಲಿಟ್ಟಿದ್ದಳೋ ಅಲ್ಲಿ ಧೂಳಿನ ಮೇಲೆ ದುಂಡನೆಯ ಗುರುತುಗಳು ಕಂಡೇ ಇರಬೇಕು. ಆದರೂ, "ಮೋಡ ಇತ್ತು ಸರ್, ನಾಳೆ ಮತ್ತೆ ಇಡ್ತೀನಿ," ಎಂದಳು. ಅಂದು ಮೋಡವಿರಲಿಲ್ಲ.

ಮಾರನೆಯ ದಿನ ಅವಳು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹೊರಡುವಾಗ ನನ್ನ ಮೇಜಿನ ಬಳಿ ನಿಂತಳು.

"ನೆರಳು ಬಂದ್ರೆ ನನ್ನ ಬಾಟ್ಲಿ ಸ್ವಲ್ಪ ಸರಿಸಿಡೇ. ನಿನಗೆ ಸರಿಸೋದು ಗೊತ್ತಲ್ಲ."

ದನಿಯಲ್ಲಿ ಕೊಂಕಿರಲಿಲ್ಲ.

ಇಡೀ ದಿನ ಟೆರೇಸಿನಲ್ಲೇ ಕಳೆದೆ. ಟ್ಯಾಂಕಿನ ನೆರಳು ಹತ್ತಿರ ಬಂದಾಗಲೆಲ್ಲ ಅವಳ ಬಾಟಲಿಗಳನ್ನು ಬಿಸಿಲಿಗೆ ಎಳೆದೆ. ಜಾಗ ಅವಳಿಗೆ ಸಿಕ್ಕಿತು. ನಾನು ಟಿನ್ ಫ್ಯಾಕ್ಟರಿ ಹತ್ತಿರದ ಶಾಲೆಯೊಂದರಲ್ಲಿ ಟೀಚರಾದೆ. ತಪ್ಪಾಯಿತೆಂದು ಹೇಳಲು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡೆ... ಅಷ್ಟರಲ್ಲಿ ಯಾರಾದರೂ ಅವಳನ್ನು ಹೊಗಳಿದ್ದು ನೆನಪಾಗಿ, ಮತ್ತೆ ಹೊಟ್ಟೆ ಉರಿದು, ಇಟ್ಟುಬಿಡುತ್ತಿದ್ದೆ. ಹೋದ ವರ್ಷ ಅವಳು ತೀರಿಹೋದ ಸುದ್ದಿ ಬೇರೆಯವರಿಂದ ತಿಳಿಯಿತು.

ಅವಳ ಬುದ್ಧಿಯ ಮೇಲಿನ ಹೊಟ್ಟೆಕಿಚ್ಚು ಎಂದೋ ಆರಿದೆ. ಎಲ್ಲ ಗೊತ್ತಿದ್ದೂ ಬಾಟಲಿಗಳನ್ನು ನನ್ನ ಕೈಗೇ ಒಪ್ಪಿಸಿ ಹೋದಳಲ್ಲ, ಆ ಮನಸ್ಸಿನ ಮೇಲಿನದು ಇನ್ನೂ ಆರಿಲ್ಲ. ಅಂಥ ಮನಸ್ಸು ನನಗೆ ಬರಲಿಲ್ಲ.

ತಟ್ಟೆಯ ನೀರನ್ನು ಚೆಲ್ಲಲಿಲ್ಲ. ಎದುರು ಕಟ್ಟಡದ ನೆರಳು ಅದರ ಮೇಲೆ ಬಂದಿತ್ತು. ಬಿಸಿಲಿಗೆ ಸರಿಸಿಟ್ಟೆ.