ಶೈಲಶ್ರೀಯ ರಾಕೆಟ್ ಹಾರಲೇ ಇಲ್ಲವಂತೆ

ಶೈಲಶ್ರೀ ಅಮೀರ್‌ಪೇಟ್‌ನ ಒಂದು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ತವರು ಸಿಂಧನೂರು. ಮದುವೆಯಾಗಿ ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದ ಮೇಲೆ ತರಗತಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ, ಮನೆಯಲ್ಲಿ ಗಂಡ ಶಿವಪ್ರಕಾಶ ಮತ್ತು ಅತ್ತೆ ಅಂಬವ್ವನ ಜೊತೆ ಕನ್ನಡ ಅಂತ ಅವಳ ದಿನ ಮೂರು ಭಾಷೆಗಳಲ್ಲಿ ಹಂಚಿಹೋಗಿದೆ. ಪಾಠ ಮಾಡುವಾಗ ತಡವರಿಸಿದವಳಲ್ಲ. ಎಂಥ ಲೆಕ್ಕ ಕೊಟ್ಟರೂ ಬೋರ್ಡಿನ ಅರ್ಧ ತುಂಬುವುದರೊಳಗೆ ಉತ್ತರ ಕೆಳಗೆ ಬಂದು ಕೂತಿರುತ್ತದೆ. ಇಂಥವಳನ್ನು ಹೆಬ್ಬೆರಳಿನಷ್ಟಿದ್ದ ಒಂದು ಯಂತ್ರ ಒಂದು ಚಳಿಗಾಲವಿಡೀ ತಲೆ ಕೆರೆದುಕೊಳ್ಳುವಂತೆ ಮಾಡಿತು.

ಅದು ಶುರುವಾದದ್ದು ರಶ್ಮಿಯಿಂದ. ರಶ್ಮಿ ಅದೇ ಸೆಂಟರಿನಲ್ಲಿ ಗಣಿತ ಹೇಳುವವಳು, ಕಲಬುರಗಿ ಕಡೆಯ ಹುಡುಗಿ, ಇರುವುದು ಗಚ್ಚಿಬೌಲಿಯಲ್ಲಿ. ಅವಳೂ ಅವಳ ಗೆಳೆಯರೂ ಭಾನುವಾರ ಬೆಳಿಗ್ಗೆ ಊರಾಚೆಯ ಬಯಲಿಗೆ ಹೋಗಿ ರಟ್ಟಿನ ಕೊಳವೆಯ ಮಾದರಿ ರಾಕೆಟ್ ಹಾರಿಸುತ್ತಿದ್ದರು. ಒಮ್ಮೆ ಶೈಲಶ್ರೀಯನ್ನೂ ಕರೆದುಕೊಂಡು ಹೋದಳು. ಸುಯ್ಯೆಂದು ಮೇಲೆದ್ದು ಕಣ್ಣಿಗೆ ಚುಕ್ಕೆಯಾಗಿ, ಆಮೇಲೆ ಕೆಂಪು ಪ್ಯಾರಾಚೂಟ್ ಬಿಚ್ಚಿಕೊಂಡು ತೇಲುತ್ತ ಇಳಿದ ಅದನ್ನು ಶೈಲಶ್ರೀ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಮರುವಾರವೇ ತನ್ನದೊಂದು ಕಟ್ಟತೊಡಗಿದಳು.

ಕಟ್ಟಿದ್ದು ಅಚ್ಚುಕಟ್ಟಾಗಿಯೇ ಇತ್ತು. ಬಿಳಿ ಬಣ್ಣ, ಚೂಪು ಮೂತಿ, ಮೂತಿಯ ಕೆಳಗೆ ಪುಟ್ಟ ಗೂಡು. ಆ ಗೂಡಿನಲ್ಲಿ ಕೂರುವುದೇ ಆಲ್ಟಿಮೀಟರ್, ಅಂದರೆ ಎತ್ತರ ಅಳೆಯುವ ಯಂತ್ರ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದಲ್ಲ, ಅದನ್ನು ಹಿಡಿದು ಎತ್ತರ ಗುರುತಿಟ್ಟುಕೊಳ್ಳುತ್ತದೆ. ನೆಲಕ್ಕೆ ಬಂದ ಮೇಲೆ ಒಂದೊಂದು ಅಂಕಿಗೂ ಅಷ್ಟಷ್ಟು ಸಲ ಬೀಪ್ ಎಂದು ಎಷ್ಟು ಮೀಟರ್ ಹೋಗಿದ್ದೆ ಎಂದು ಹೇಳುತ್ತದೆ. ಹಾರುವುದಕ್ಕೆ ಮೊದಲಾದರೆ ತಡೆತಡೆದು ಒಂದೊಂದೇ ಬೀಪ್. ‘ನಾನು ಸಿದ್ಧ, ಇನ್ನೂ ಹಾರಿಲ್ಲ’ ಎಂದು ಅದರ ಅರ್ಥ.

ಮೊದಲ ಸಲ ಹಾರಿಸಿದಾಗ ರಾಕೆಟ್ ನೆಟ್ಟಗೆ ಹೋಯಿತು. ಎಲ್ಲರೂ ಕತ್ತೆತ್ತಿ ನೋಡಿದರು. ಪ್ಯಾರಾಚೂಟ್ ಬಿಚ್ಚಿತು. ಜೋಳದ ಕೂಳೆಯ ನಡುವೆ ಬಿದ್ದದ್ದನ್ನು ಶೈಲಶ್ರೀ ಓಡಿಹೋಗಿ ಎತ್ತಿ ಕಿವಿಗೆ ಹಿಡಿದಳು. ಬೀಪ್. ಬಿಡುವು. ಬೀಪ್. ಬಿಡುವು.

“ರಶ್ಮಿ, ಇದು ಹಾರೇ ಇಲ್ಲ ಅನ್ನಾಕತ್ತೈತಿ.”

ರಶ್ಮಿಯೂ ಕಿವಿಗೊಟ್ಟು ಕೇಳಿದಳು. “ಬ್ಯಾಟ್ರಿ ವೀಕ್ ಆಗಿರಬೇಕು ನೋಡ್ರಿ ಶೈಲಕ್ಕ. ಗಾಳಿ ಆಡಾಕ ತೂತು ಹಾಕೀರಿಲ್ಲ?”

“ಹಾಕೀನಲ್ಲ, ಇಲ್ಲೇ ಅದಾವ ನೋಡು.” ಸೂಜಿ ಕಾಯಿಸಿ ತಾನೇ ಚುಚ್ಚಿದ ತೂತುಗಳು ಬಿಳಿ ಬಣ್ಣದ ಮೇಲೆ ಸಾಸಿವೆ ಕಾಳಿನ ಹಾಗೆ ಕಾಣುತ್ತಿದ್ದವು. ರಶ್ಮಿ ನೋಡಿ ತಲೆಯಾಡಿಸಿದಳು.

ಬ್ಯಾಟರಿ ಬದಲಾಯಿತು. ಮುಂದಿನ ಸಲವೂ ಅದೇ ಕಥೆ. ಹಾರುವಾಗಿನ ಕುಲುಕಾಟಕ್ಕೆ ಬ್ಯಾಟರಿ ಅಲುಗಿ ಯಂತ್ರ ಆರಿಹೋಗಿ ಮತ್ತೆ ಹೊತ್ತಿಕೊಳ್ಳುತ್ತಿರಬಹುದು ಎಂದು ಗುಂಪಿನಲ್ಲೊಬ್ಬರು ಹೇಳಿದರು. ಶೈಲಶ್ರೀ ಬ್ಯಾಟರಿಯನ್ನು ಹೂ ಕಟ್ಟುವ ದಾರದಿಂದ ಬಿಗಿದಳು. ಮತ್ತೂ ಅದೇ. ‘ನಾನು ಸಿದ್ಧ, ಇನ್ನೂ ಹಾರಿಲ್ಲ.’

ಯಂತ್ರವೇ ಕೆಟ್ಟಿದೆಯೇನೋ ಎಂದು ಅದನ್ನು ಹೊರತೆಗೆದು ಪರೀಕ್ಷೆಗೆ ಕೂತಳು. ಅಂಬವ್ವನ ಉಪ್ಪಿನಕಾಯಿಯ ಗಾಜಿನ ಬಾಟಲಿ ತೊಳೆದು, ಮುಚ್ಚಳಕ್ಕೆ ತೂತು ಕೊರೆದು, ರಬ್ಬರ್ ನಳಿಗೆಯೊಂದನ್ನು ಸಿಕ್ಕಿಸಿದಳು. ಯಂತ್ರವನ್ನು ಒಳಗಿಟ್ಟು ನಳಿಗೆಯಿಂದ ಗಾಳಿ ಹೀರಿದಳು. ಬಿಟ್ಟಳು. ಒಳಗಿನಿಂದ ಟಣಟಣನೆ ಬೀಪ್ ಬಂದವು. ಬಾಟಲಿಯೊಳಗೆ ಕೂತಲ್ಲೇ ಅದು ನೂರಾರು ಮೀಟರ್ ಹಾರಿ ಬಂದಿತ್ತು.

ಅವರೇಕಾಯಿ ಬಿಡಿಸುತ್ತಿದ್ದ ಅಂಬವ್ವ ಎಲ್ಲವನ್ನೂ ನೋಡುತ್ತಿದ್ದಳು. “ಏನಂತದು?”

“ಒಳಗ ಹಾರತೈತ್ರಿ ಅತ್ತಿ. ಆಕಾಶಕ್ಕ ಕಳಿಸಿದ್ರ ಹಾರೇ ಇಲ್ಲ ಅಂತೈತಿ.”

“ಹಂಗಾರ ಬಾಟ್ಲಿ ಸಮೇತ ಕಳಿಸಿ ನೋಡು,” ಎಂದಳು ಅಂಬವ್ವ, ಕಾಯಿಯಿಂದ ಕಣ್ಣೆತ್ತದೆ.

ಶೈಲಶ್ರೀಗೆ ನಗು ಬರಲಿಲ್ಲ. ಯಂತ್ರ ಸರಿಯಿದೆ, ಬ್ಯಾಟರಿ ಸರಿಯಿದೆ, ರಾಕೆಟ್ ಹಾರುವುದನ್ನು ಇಷ್ಟು ಜನ ಕಂಡಿದ್ದಾರೆ. ಎಲ್ಲ ಸರಿಯಿರುವಾಗ ತಪ್ಪು ಎಲ್ಲಿಂದ ಬರುತ್ತದೆ? ರಶ್ಮಿ ಕಳಿಸಿದ ವಿಡಿಯೋವನ್ನು ಮೆಟ್ರೋದಲ್ಲಿ ಕೂತು ಮತ್ತೆ ಮತ್ತೆ ನೋಡಿದಳು. ರಾಕೆಟ್ ಹೋಗುತ್ತದೆ, ಹೋಗಿಯೇ ಹೋಗುತ್ತದೆ. ನೋಡುತ್ತ ನೋಡುತ್ತ ಇಳಿಯುವ ನಿಲ್ದಾಣ ದಾಟಿಹೋಗಿ, ಅಂದು ತರಗತಿಗೆ ತಡವಾಯಿತು. ತರಗತಿಯಲ್ಲಿ ಎಂದೋ ಬಾಯಿಪಾಠವಾಗಿದ್ದ ಒಂದು ಲೆಕ್ಕದ ನಡುವೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಳು. ಮುಂದಿನ ಸಾಲು ಗೊತ್ತಿತ್ತು. ಆದರೆ ಅದು ನಿಜವೇ ಎಂಬ ಅನುಮಾನ ಹೊಕ್ಕಿತ್ತು.

ಶಿವಪ್ರಕಾಶ ಈ ವಿಷಯದಲ್ಲಿ ಏನೂ ಮಾತಾಡುತ್ತಿರಲಿಲ್ಲ. ಅವನದು ಔಷಧಿಯ ಸಗಟು ವ್ಯಾಪಾರ. ಮಿತಭಾಷಿ. ಹೆಂಡತಿಯ ರಾಕೆಟ್ ಅವಳ ಸಂತೋಷ ಎಂದುಕೊಂಡಿದ್ದ. ಪ್ರತಿ ಶನಿವಾರ ಸಂಜೆ ಅದನ್ನು ಬೀರುವಿನ ಮೇಲಿಂದ ಇಳಿಸಿ, ಧೂಳು ಒರೆಸಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಡುವುದನ್ನು ಮಾತ್ರ ತಾನೇ ಮಾಡುತ್ತಿದ್ದ. ಸಾಮಾನು ಕಟ್ಟುವುದರಲ್ಲಿ ಅವನಿಗೆ ಎದುರಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಅವಳಿಗೆ ಹೊಳೆಯಿತು. ಇಷ್ಟು ದಿನ ಯಂತ್ರವನ್ನು ಹೊರಗಿಟ್ಟು ಪರೀಕ್ಷಿಸಿದ್ದಾಯಿತು. ಅದರ ಗೂಡಿನೊಳಗೆ ಇಟ್ಟು ಒಮ್ಮೆಯೂ ನೋಡಿಲ್ಲ. ಅಂದು ಶಿವಪ್ರಕಾಶ ಆಗಲೇ ರಾಕೆಟ್ ಕಟ್ಟಿಟ್ಟು ಟಿವಿ ಮುಂದೆ ಕೂತಿದ್ದ. ಅವಳು ಟವೆಲ್ ಬಿಚ್ಚಿ, ಯಂತ್ರವನ್ನು ಗೂಡಿನಲ್ಲಿ ಕೂರಿಸಿ ಮುಚ್ಚಿದಳು. ಉಳಿದ ತೂತುಗಳಿಗೆ ಬೆರಳೊತ್ತಿ ಒಂದಕ್ಕೆ ತುಟಿ ಹಚ್ಚಿ ಹೀರಿದಳು. ಗಾಳಿ ಬರಲಿಲ್ಲ. ಜೋರಾಗಿ ಹೀರಿದಳು. ತುಟಿಗೆ ನುಣುಪಾದದ್ದೇನೋ ತಾಗಿತು. ಉಗುರಿನಿಂದ ಕೆರೆದರೆ ಅಂಚು ಎದ್ದು ಬಂತು. ಪಾರದರ್ಶಕ ಟೇಪ್. ಕಣ್ಣಿಗೆ ಕಾಣದಷ್ಟು ಒಪ್ಪವಾಗಿ ಸುತ್ತಲೂ ಅಂಟಿಸಿದ್ದರು.

“ಇದನ್ನ ಯಾರು ಹಚ್ಚಿದ್ರು?” ಎಂದು ಅವಳು ಯಾರನ್ನೂ ನೋಡದೆ ಕೇಳಿದಳು.

“ನಾನಽ,” ಎಂದ ಶಿವಪ್ರಕಾಶ.

“ನೀವಾ? ಯಾವಾಗ?”

“ಮೊದಲನೇ ಸಲ ಚೀಲಕ್ಕ ಕಟ್ಟುವಾಗಽ. ತೂತು ಬಿದ್ದಿದ್ವು. ಒಳಗ ಮಷೀನು ಐತಿ, ಧೂಳು ಹೋಗಿ ಕೆಡತೈತಿ ಅಂತ ಹಚ್ಚಿದೆ. ನಮ್ಮ ಕಡಿ ತೂತಿದ್ದ ಡಬ್ಬಿ ಬಂದ್ರ ನಾವು ವಾಪಸ್ ಕಳಿಸಿಬಿಡತೀವಿ.” ಅವಳು ಟೇಪನ್ನು ಇನ್ನಷ್ಟು ಕೆರೆಯುತ್ತಿದ್ದಂತೆ ಅವನೇ ಮುಂದುವರಿಸಿದ. “ನಿಂದು ಮಷೀನು ನಡೀವಲ್ದು ಅಂತ ನೀ ಭಾಳ ಒದ್ದಾಡಾಕತ್ತಿದ್ದಿ. ಅದಕ್ಕ ಕಳದ ವಾರ ಎರಡು ಸುತ್ತು ಹಚ್ಚೀನಿ.”

ಶೈಲಶ್ರೀ ರಾಕೆಟ್ ಹಿಡಿದು ಹಾಗೇ ನೆಲದ ಮೇಲೆ ಕೂತಳು. ಸಿಟ್ಟು ಬರಬೇಕಿತ್ತು, ಬಂದಂತೆಯೂ ಆಯಿತು. ಆದರೆ ಅದನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ರಶ್ಮಿಯನ್ನು ಕೇಳಿದ್ದಳು, ಗುಂಪಿನವರನ್ನು ಕೇಳಿದ್ದಳು, ಯಂತ್ರ ಮಾರಿದವರಿಗೆ ಫೋನು ಮಾಡಿದ್ದಳು. ವಾರವಾರವೂ ರಾಕೆಟ್ ಮುಟ್ಟುತ್ತಿದ್ದ ಈ ಮನುಷ್ಯನನ್ನು ಮಾತ್ರ ಕೇಳಿರಲಿಲ್ಲ.

“ಗಾಳಿ ಆಡಲಿ ಅಂತಽ ತೂತು ಹಾಕಿದ್ದೆ ರೀ. ಅದು ಗಾಳಿ ನೋಡಿಽ ಎತ್ತರ ಹೇಳೋದು.”

“ಹೌದಾ?” ಅವನ ಮುಖ ಸಪ್ಪಗಾಯಿತು. “ನೀ ಹೇಳಲಿಲ್ಲಲ್ಲ.”

“ನೀವೂ ಹೇಳಲಿಲ್ಲ.”

ಆಮೇಲೆ ಇಬ್ಬರೂ ಕೂತು ಟೇಪ್ ಕಿತ್ತರು. ಅಂಟು ಉಳಿದ ಕಡೆ ಅವನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ. ಅವಳು ಸೂಜಿಯಿಂದ ತೂತುಗಳನ್ನು ಮತ್ತೆ ಚೊಕ್ಕ ಮಾಡಿದಳು.

ಮರುದಿನ ಶಿವಪ್ರಕಾಶನೂ ಬಯಲಿಗೆ ಬಂದ, ಮೊದಲ ಸಲ. ಯಾರ ಜೊತೆಯೂ ಹೆಚ್ಚು ಮಾತಾಡದೆ ದೂರದಲ್ಲಿ ಕೈ ಕಟ್ಟಿ ನಿಂತ. ರಾಕೆಟ್ ಎದ್ದಾಗ ಬಾಯಿ ತೆರೆದವನು ಅದು ನೆಲಕ್ಕೆ ಬರುವವರೆಗೂ ಮುಚ್ಚಲಿಲ್ಲ. ಅವಳಿಗಿಂತ ಮೊದಲು ಅವನೇ ಓಡಿದ. ಎತ್ತಿ ಕಿವಿಗೆ ಹಿಡಿದು, “ಶೈಲಾ, ಬ್ಯಾರೆ ಥರ ಒದರಾಕತ್ತೈತಿ,” ಎಂದ.

ಅವಳು ಎಣಿಸಿದಳು. ಎರಡು. ಬಿಡುವು. ಒಂದು. ಬಿಡುವು. ನಾಲ್ಕು. ಇನ್ನೂರ ಹದಿನಾಲ್ಕು ಮೀಟರ್. ರಶ್ಮಿ ಚಪ್ಪಾಳೆ ತಟ್ಟಿದಳು. ಶೈಲಶ್ರೀಯ ಕಣ್ಣು ಒದ್ದೆಯಾದವು. ಕೂಡಲೇ ಹುಬ್ಬೂ ಗಂಟಾಯಿತು. ಅವಳ ಲೆಕ್ಕದ ಪ್ರಕಾರ ಅದು ಮುನ್ನೂರು ದಾಟಬೇಕಿತ್ತು.

“ಗಾಳಿ ತಡೀತದಲ್ರಿ ಶೈಲಕ್ಕ,” ಎಂದಳು ರಶ್ಮಿ.

“ಅದನ್ನ ಹಿಡದಽ ಲೆಕ್ಕ ಹಾಕೀನಿ ರಶ್ಮಿ.”

ಅದೇ ರಾಕೆಟ್ಟಿಗೆ ಅದೇ ಥರದ ಮೋಟಾರ್, ಅಂದರೆ ಮದ್ದು ತುಂಬಿದ ಕೊಳವೆ, ಹಾಕಿ ಇನ್ನೊಮ್ಮೆ ಬಿಟ್ಟರು. ಈ ಸಲ ನೂರ ಎಪ್ಪತ್ತಾರು ಬಂತು. ನೋಡುವುದಕ್ಕೆ ಮೊದಲಿನದಕ್ಕಿಂತ ಎತ್ತರಕ್ಕೇ ಹೋದ ಹಾಗಿತ್ತು. ರಶ್ಮಿಗೂ ಹಾಗೇ ಅನಿಸಿತ್ತು. ಶೈಲಶ್ರೀ ಗಂಡನ ಕಡೆ ತಿರುಗಿದಳು.

“ನಾ ಏನೂ ಮುಟ್ಟಿಲ್ಲ,” ಎಂದ ಶಿವಪ್ರಕಾಶ, ಅವಳು ಕೇಳುವ ಮೊದಲೇ.

ದಾರಿಯುದ್ದಕ್ಕೂ ಕಾರಿನಲ್ಲಿ ಅದೇ ಮಾತು. ಬಣ್ಣದ ತೂಕ ಇರಬಹುದೇ, ಓರೆಯಾಗಿ ಹೋಯಿತೇ, ಬಿಸಿಲೇರಿದ್ದಕ್ಕೆ ಹೀಗಾಯಿತೇ ಎಂದು ಅವಳು ಹೇಳುತ್ತಿದ್ದಳು. ಅವನು ತನಗೆ ತಿಳಿದಷ್ಟಕ್ಕೆ ಹೂಂಗುಟ್ಟುತ್ತ, ತಿಳಿಯದ ಕಡೆ ನಿಲ್ಲಿಸಿ ಕೇಳುತ್ತಿದ್ದ. ಮದುವೆಯಾದ ಮೇಲೆ ಅವಳ ಪಾಠದ ವಿಷಯವನ್ನು ಅವನು ಇಷ್ಟು ಹೊತ್ತು ಕೇಳಿದ್ದು ಅದೇ ಮೊದಲು.

ಮನೆಗೆ ಬಂದಾಗ ಅಂಬವ್ವ ಬಾಗಿಲಲ್ಲೇ ಕೂತಿದ್ದಳು.

“ಹಾರಿತೇನು?”

“ಹಾರೇತ್ರಿ ಅತ್ತಿ. ಮಷೀನೂ ಒಪ್ಪಿಕೊಂಡೈತಿ.”

“ಎಷ್ಟು ಎತ್ತರ?”

ಶೈಲಶ್ರೀ ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ.

“ಅದಽ ಗೊತ್ತಾಗವಲ್ದು,” ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು.